ಪಾಲಿಗೆ ಸಾಕಿದ ಜೋಡಿ

ಒಂದು ಭಾನುವಾರ ಬೆಳಿಗ್ಗೆ ಹಿಂದಿನ ಬೀದಿಯ ಸಣ್ಣಮ್ಮ ನಮ್ಮ ಮಹಡಿಯ ಮೆಟ್ಟಿಲು ಹತ್ತಿ ಬಂದರು. ವರಾಂಡದಲ್ಲಿ ತೂಗುಹಾಕಿದ್ದ ಪಂಜರದ ಮುಂದೆ ನಿಂತು ಒಳಗಿದ್ದ ಎರಡು ಹಕ್ಕಿಗಳನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಚೆನ್ನಾಗ್ ಸಾಕಿದ್ದೀಯ ಕಣವ್ವ. ಒಂದ್ ನಿಂಗೆ, ಒಂದ್ ನಂಗೆ. ಸಾಕ್ದೋಳು ನೀನು, ನೀನೇ ಆರಿಸ್ಕೊ. ಮಿಕ್ಕಿದ್ದ ನಾನ್ ತಗಂಡೋಯ್ತೀನಿ" ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿಕೊಳ್ಳುವ ಧಾಟಿಯೂ ಇರಲಿಲ್ಲ. ಇಬ್ಬರಿಗೂ ಗೊತ್ತಿರುವ ಒಂದು ಮಾತನ್ನು ನೆನಪಿಸುವಂತೆ ಹೇಳಿದ್ದರು. ಆ ಮಾತು ಏನೆಂದು ನನಗೆ ಮಾತ್ರ ಗೊತ್ತಿರಲಿಲ್ಲ. ಎಂಟು ತಿಂಗಳಿಂದ ಆ ಹಕ್ಕಿಗಳು ನನ್ನವು ಎಂದೇ ತಿಳಿದಿದ್ದೆ.

ನಾವು ವಿಜಯಪುರ ಬಿಟ್ಟು ಹಾಸನ ಜಿಲ್ಲೆಯ ಹೊಳೆನರಸೀಪುರಕ್ಕೆ ಬಂದದ್ದು ಕಳೆದ ವರ್ಷ ಮುಂಗಾರಿನ ಆರಂಭದಲ್ಲಿ. ನಮ್ಮವರು ಪದವಿಪೂರ್ವ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವರು. ಅವರಿಗೆ ಇಲ್ಲಿಗೆ ವರ್ಗವಾಯಿತು. ಮಗಳು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಾಳೆ. ನಾನು ಊರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಹದಿನಾಲ್ಕು ವರ್ಷ ಇತರರು ಬರೆದದ್ದನ್ನು ತಿದ್ದಿದವಳು. ಆ ಕೆಲಸ ಬಿಟ್ಟು, ಮನೆಯಿಂದಲೇ ಪುಟ ನೋಡಿಕೊಡುವ ಒಪ್ಪಂದ ಮಾಡಿಕೊಂಡು ಇವರ ಜೊತೆ ಹೊರಟೆ. ರಾಜ್ಯ ಒಂದೇ, ಭಾಷೆ ಒಂದೇ, ಹೊಂದಿಕೊಳ್ಳುವುದೇನು ಮಹಾ ಎಂಬ ಧೈರ್ಯವಿತ್ತು.

ಆ ಧೈರ್ಯ ಮೊದಲ ವಾರದಲ್ಲೇ ಸ್ವಲ್ಪ ಇಳಿಯಿತು. ತರಕಾರಿ ಅಂಗಡಿಯಲ್ಲಿ ನಾನು "ಬದನಿಕಾಯಿ ಹೆಂಗ್ರಿ" ಎಂದು ಕೇಳಿದರೆ ಅಂಗಡಿಯಾಕೆ ನಗುವನ್ನು ತಡೆದುಕೊಂಡು, "ಅಕ್ಕಾ, ನೀವು ಟಿವೀಲಿ ಕಾಮಿಡಿ ಮಾಡೋರ ತರನೇ ಮಾತಾಡ್ತೀರ. ಇನ್ನೊಂದ್ಸಲ ಏಳಿ" ಎಂದಳು. ನಾನು ಸಿಟ್ಟಾಗಲಿಲ್ಲ. ಅವರ ಮಾತೂ ನನಗೆ ಅಷ್ಟೇ ಹೊಸದು. ಇಲ್ಲಿ 'ಹೇಳಿ' ಎಂಬುದು 'ಏಳಿ' ಆಗುತ್ತದೆ, 'ಹಂಗೆ' ಎಂಬುದು 'ಅಂಗೆ', 'ಹಕ್ಕಿ' ಎಂಬುದು 'ಅಕ್ಕಿ' ಆಗುತ್ತದೆ. ತಿದ್ದುವ ಚಟದವಳಾದ ನನಗೆ ಮೊದಮೊದಲು ಕೈ ತುರಿಸುತ್ತಿತ್ತು. ಈಗ ಕಿವಿ ಒಗ್ಗಿದೆ.

ನಮ್ಮಲ್ಲಿ ನಳದ ನೀರು ಬರುವ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತೇವೆ. ಇಲ್ಲಿ ಹೇಮಾವತಿ ಊರ ಪಕ್ಕದಲ್ಲೇ ಹರಿಯುತ್ತಾಳೆ. ಅವಳ ಕಡೆ ಯಾರೂ ವಿಶೇಷವಾಗಿ ತಿರುಗಿಯೂ ನೋಡುವುದಿಲ್ಲ. ನಾನು ಮಾತ್ರ ಒಂದು ತಿಂಗಳು ದಿನಾ ಸಂಜೆ ಸೇತುವೆಯ ಮೇಲೆ ನಿಂತು ನೀರು ನೋಡಿದೆ. ಊಟದ್ದು ಇನ್ನೊಂದು ಕತೆ. ನಮಗೆ ಬಿಳಿಜೋಳದ ರೊಟ್ಟಿ ಇಲ್ಲದಿದ್ದರೆ ಊಟವೇ ಅಲ್ಲ. ಇಲ್ಲಿಯವರಿಗೆ ರಾಗಿಮುದ್ದೆ. ಅದನ್ನು ಅಗಿಯಬಾರದು, ಸಾರಿನಲ್ಲಿ ಅದ್ದಿ ನುಂಗಬೇಕು ಎಂಬುದನ್ನು ಕಲಿಯಲು ನನಗೆ ದಸರಾ ತನಕ ಬೇಕಾಯಿತು. ನಮ್ಮವರು ಮೂರನೇ ದಿನವೇ ಕಲಿತರು. ಜೋಳದ ಹಿಟ್ಟಿಗೆ ಹಾಸನಕ್ಕೆ ಹೋಗಬೇಕಿತ್ತು.

ಕಷ್ಟವೆನಿಸಿದ್ದು ಹಗಲು. ಬೆಳಿಗ್ಗೆ ಒಂಬತ್ತಕ್ಕೆ ಇವರು ಕಾಲೇಜಿಗೆ ಹೋದರೆ ಸಂಜೆಯ ತನಕ ಮನೆಯಲ್ಲಿ ಸದ್ದಿಲ್ಲ. ಡೆಸ್ಕಿನಲ್ಲಿ ಎಂಟು ಜನರ ಮಾತಿನ ನಡುವೆ ಕೆಲಸ ಮಾಡಿದವಳಿಗೆ ಅದು ಬಹಳ ಉದ್ದದ ಹೊತ್ತು.

ಹಕ್ಕಿಗಳು ಬಂದದ್ದು ಆಗ. ಸಣ್ಣಮ್ಮ ಅರವತ್ತೈದು ದಾಟಿದವರು, ಹೊಲ ತೋಟ ಇರುವ ಮನೆತನದ ಹೆಂಗಸು. ಅವರ ಮಗಳು ಮಂಜುಳಾ ಚನ್ನರಾಯಪಟ್ಟಣದಲ್ಲಿದ್ದಾಳೆ. ಮಂಜುಳಾಳ ಮಗಳು ಸಿಂಚನ ಒಂದು ವರ್ಷ ಅಜ್ಜಿಯ ಮನೆಯಲ್ಲಿದ್ದು ಶಾಲೆಗೆ ಹೋಗುತ್ತಿದ್ದಳು. ಅವಳಿಗಾಗಿ ಹಾಸನದಿಂದ ಒಂದು ಜೊತೆ ಹಕ್ಕಿಮರಿ ತಂದಿದ್ದರು. ಹುಡುಗಿ ತಾಯಿಯ ಬಳಿ ಹೋದಳು. ಅಲ್ಲಿ ಬಾಡಿಗೆ ಮನೆಯವರು ಹಕ್ಕಿ ಬೇಡವೆಂದರು. ಮಂಡಿನೋವಿನ ಸಣ್ಣಮ್ಮನಿಗೆ ಪಂಜರ ತೊಳೆಯಲಾಗುತ್ತಿರಲಿಲ್ಲ. ಹಗಲೆಲ್ಲ ಮನೆಯಲ್ಲಿರುವ ನಾನು ಅವರ ಕಣ್ಣಿಗೆ ಬಿದ್ದೆ.

ಆ ದಿನ ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ಸಣ್ಣಮ್ಮ ನನ್ನನ್ನು ಮನೆಗೆ ಕರೆದು ಕೂರಿಸಿದರು. ತಟ್ಟೆಯಲ್ಲಿ ಎಲೆ, ಅಡಿಕೆ, ಒಂದು ಅಚ್ಚು ಬೆಲ್ಲ ತಂದರು. ಬೀದಿಯಲ್ಲಿ ಹೋಗುತ್ತಿದ್ದ ಲೈನ್‌ಮನ್ ದೇವರಾಜಣ್ಣನನ್ನು, "ಬಾಪ್ಪ ದೇವರಾಜ, ಒಂಚೂರ್ ನಿಂತ್ಕೊ" ಎಂದು ಕರೆದರು. ಅವರು ನಮ್ಮ ಎದುರು ಮನೆಯವರು. ಒಳಗೆ ಬಂದು ಸುಮ್ಮನೆ ನಿಂತರು. ಸಣ್ಣಮ್ಮ ತಟ್ಟೆಯನ್ನು ನನ್ನ ಮುಂದೆ ಹಿಡಿದು, "ಮರಿಗುಳ್ನ ನಿನ್ ಕೈಗ್ ಕೊಡ್ತಾ ಇವ್ನಿ. ಚೆನ್ನಾಗ್ ಸಾಕು, ದೊಡ್ಡವಾಗ್ಲಿ, ಆಮೇಲ್ ನೋಡಣ" ಎಂದರು. ನಾನು "ಆಗ್ಲಿರಿ" ಎಂದೆ. ಮುತ್ತೈದೆಗೆ ಎಲೆ ಅಡಿಕೆ ಕೊಡುವುದು ನಮ್ಮಲ್ಲೂ ಇದೆ. ಉಪಚಾರ ಎಂದುಕೊಂಡು ಸೆರಗೊಡ್ಡಿ ಇಸಿದುಕೊಂಡೆ.

ಎಲ್ಲರೂ 'ಲವ್ ಬರ್ಡ್ಸ್' ಎನ್ನುವ ಈ ಹಕ್ಕಿಗಳ ಸರಿಯಾದ ಹೆಸರು ಬಜ್ಜಿ, ಪುಟ್ಟ ಗಿಳಿಗಳು. ಲವ್ ಬರ್ಡ್ ಬೇರೆಯೇ ಒಂದು ಜಾತಿ. ಇದನ್ನು ನಾಲ್ಕೈದು ಜನರಿಗೆ ತಿದ್ದಿ ಹೇಳಿ ಕೈಬಿಟ್ಟೆ. ಹಸಿರು ಬಣ್ಣದ್ದು ಗಂಡು, ಕೊಕ್ಕಿನ ಬುಡ ನೀಲಿ. ಹಳದಿಯದು ಹೆಣ್ಣು, ಅದರ ಕೊಕ್ಕಿನ ಬುಡ ಕಂದು. ಗಂಡು ಮಾತುಗಾರ, ಹೆಣ್ಣು ಹಟಮಾರಿ. ಹಾಸನದ ಅಂಗಡಿಯವನು ಕೊಟ್ಟ 'ಹಕ್ಕಿ ಕಾಳಿನ' ಪೊಟ್ಟಣ ಬಿಚ್ಚಿದ ದಿನ ನನಗೆ ನಗು ಬಂತು. ಅದರಲ್ಲಿದ್ದದ್ದು ನವಣೆ ಮತ್ತು ಸಜ್ಜೆ. ಸಂಕ್ರಾಂತಿಗೆ ನಾವು ಎಳ್ಳು ಹಚ್ಚಿ ರೊಟ್ಟಿ ಬಡಿಯುವ ಸಜ್ಜೆ ಇಲ್ಲಿ ಪಂಜರದ ಹಕ್ಕಿಯ ಮೇವು. ಅಂದಿನಿಂದ ಊರಿಂದ ಬರುವ ಪ್ರತಿ ಗಂಟಿನಲ್ಲೂ ಒಂದು ಪಾವು ಸಜ್ಜೆ ಹಕ್ಕಿಗಳಿಗೆಂದೇ ಬರುತ್ತಿತ್ತು. ಇಡೀ ಹೊಳೆನರಸೀಪುರದಲ್ಲಿ ನನ್ನ ಊರಿನ ಊಟವನ್ನು ಗೊಣಗದೆ ಉಣ್ಣುತ್ತಿದ್ದ ಜೀವಗಳು ಅವೆರಡೇ.

ಎರಡೂ ಒಂದೇ ಕಡ್ಡಿಯ ಮೇಲೆ ಒತ್ತಿಕೊಂಡು ಕೂರುತ್ತಿದ್ದವು. ಪಂಜರದಲ್ಲಿ ಮೂರು ಕಡ್ಡಿಗಳಿದ್ದವು. ಉಳಿದೆರಡು ಓಡಾಟಕ್ಕೆ ಮಾತ್ರ. ಗಂಡು ತಾನು ತಿಂದ ಕಾಳನ್ನು ಗಂಟಲಿನಿಂದ ತೆಗೆದು ಹೆಣ್ಣಿನ ಬಾಯಿಗೆ ಕೊಡುತ್ತಿತ್ತು. ಹೆಣ್ಣು ಅದರ ಕತ್ತಿನ ಗರಿಗಳನ್ನು ಒಂದೊಂದಾಗಿ ಬಿಡಿಸುತ್ತಿತ್ತು. ನಾನು ಕಂಪ್ಯೂಟರ್ ತೆರೆದರೆ ಅವು ಮಾತಿಗೆ ತೊಡಗುತ್ತಿದ್ದವು. ಹಗಲು ಸಹಿಸುವಷ್ಟು ಚಿಕ್ಕದಾಯಿತು.

ಆ ಭಾನುವಾರ ಸಣ್ಣಮ್ಮ ಬಂದು ಪಾಲು ಕೇಳಿದ್ದು ಎಂಟು ತಿಂಗಳ ಮೇಲೆ. ಮಂಜುಳಾ ಸ್ವಂತ ಮನೆಗೆ ಹೋಗಿದ್ದಳು, ಸಿಂಚನ ಹಕ್ಕಿ ಕೇಳುತ್ತಿದ್ದಳು. ನಾನು ಒಂದು ವಾರ ಟೈಮ್ ಕೇಳಿದೆ. "ಆರಿಸಕ್ಕೆ ವಾರ ಬೇಕಾ? ಇರೋದೇ ಎರಡು" ಎಂದು ನಕ್ಕು ಹೋದರು.

ಸಂಜೆ ದೇವರಾಜಣ್ಣನ ಮನೆಗೆ ಹೋದೆ. ಅವರ ನಡುಮನೆಯಲ್ಲಿ ಬುದ್ಧನ ಪಟ. ಅದರ ಕೆಳಗೆ ಕುರ್ಚಿ ಹಾಕಿ ಕೂರಿಸಿದರು. ನಾನು ವಿಷಯ ಹೇಳಿದೆ.

"ಸರ್ಯಾಗೇ ಏಳವ್ರೆ ಮೇಡಂ" ಎಂದರು. "ಪಾಲ್ಗೆ ಸಾಕೋದು ಅಂದ್ರೆ ಅದೇಯ. ಮರಿ ಒಬ್ಬರ್ದು, ಮೇವು ಮೈಗಾವಲು ಇನ್ನೊಬ್ಬರ್ದು. ದೊಡ್ಡವಾದ್ಮೇಲೆ ಅರ್ಧ ಅರ್ಧ. ಕುರಿ, ಮ್ಯಾಕೆ, ಕೋಳಿ, ಎಲ್ಲಾ ಅಂಗೇ. ನಮ್ಮಪ್ಪ ಇವರ ಮನೆ ಮ್ಯಾಕೆ ಪಾಲ್ಗೆ ಸಾಕೇ ನನ್ನ ಓದಿಸಿದ್ದು."

"ನನಗ ಯಾರೂ ಹೇಳಿಲ್ಲಲ್ರಿ ಅಣ್ಣಾ."

"ಎಲೆ ಅಡಿಕೆ ಈಸ್ಕಂಡ್ರಿ, 'ಆಗ್ಲಿ' ಅಂದ್ರಿ. ನನ್ ಯಾಕ್ ಕರೆದ್ರು ಅನ್ಕಂಡಿದ್ರಿ, ಅಕ್ಕಿ ತೋರ್ಸಕ್ಕಾ? ನಾನ್ ಸಾಕ್ಷಿ ಮೇಡಂ."

"ಅವು ಆಡು ಅಲ್ಲಲ್ರಿ. ಜೋಡಿ ಅವು."

ದೇವರಾಜಣ್ಣ ಸ್ವಲ್ಪ ಯೋಚಿಸಿ, "ಮ್ಯಾಕೇನೂ ಎರಡ್ ಕೊಟ್ರೆ ಎರಡೇ ಇರೋದು" ಎಂದರು.

ಒಬ್ಬರ ಮಾತಿನ ಮೇಲೆ ಸುದ್ದಿ ಬರೆಯಬಾರದು ಎಂಬುದು ಡೆಸ್ಕಿನ ಪಾಠ. ಸೊಪ್ಪು ಮಾರುವ ಹೆಂಗಸನ್ನು ಕೇಳಿದೆ. ಅರಕಲಗೂಡಿನಲ್ಲಿರುವ ನಮ್ಮವರ ಸಹೋದ್ಯೋಗಿಯ ಹೆಂಡತಿಗೆ ಫೋನ್ ಮಾಡಿದೆ. ಇಬ್ಬರೂ ಅದನ್ನೇ ಹೇಳಿದರು. ಅರಕಲಗೂಡಿನಾಕೆಯಂತೂ, "ಪಾಲಿಗೆ ತಗೊಂಡು ಈಗ ಅಂಗಲ್ಲ ಇಂಗಲ್ಲ ಅಂದ್ರೆ ಊರಲ್ಲಿ ಏನಂತಾರೆ" ಎಂದು ನನ್ನನ್ನೇ ಗದರಿದರು. ಮೂರೂ ಮೂಲಗಳು ಸಣ್ಣಮ್ಮನ ಪರವಾಗಿದ್ದವು. ನಮ್ಮ ಕಡೆ ಹೊಲ ಪಾಲಿಗೆ ಹಚ್ಚುವುದು ಗೊತ್ತು. ಜೀವಗಳನ್ನು ಹಾಗೆ ಕೊಡುವ ರೂಢಿ ನಮ್ಮ ಹಳ್ಳಿಗಳಲ್ಲೂ ಇದ್ದೀತು. ಪೇಟೆಯಲ್ಲಿ ಬೆಳೆದ ನನಗೆ ಗೊತ್ತಿರಲಿಲ್ಲ, ಅಷ್ಟೆ. ತಪ್ಪು ನನ್ನದು. ಕೊಟ್ಟದ್ದನ್ನು ದಾನ ಎಂದು ತಿಳಿದೆ.

ಸಣ್ಣಮ್ಮನಲ್ಲಿಗೆ ಹೋಗಿ, "ಸಿಂಚನಾಗ ಹಾಸನದಿಂದ ಹೊಸಾ ಜೋಡಿ ತಂದುಕೊಡ್ತೀನ್ರಿ, ಇವು ಇಲ್ಲೇ ಇರ್ಲಿ" ಎಂದು ಕೇಳಿ ನೋಡಿದೆ.

"ಅಂಗಡಿ ಅಕ್ಕಿ ಯಾರ್ಗ್ ಬೇಕವ್ವ. ಆ ಮಗು ಕೇಳ್ತಿರೋದು ಅದ್ರುದೇ ಅಕ್ಕಿನ."

ಎರಡನ್ನೂ ಒಯ್ಯಿರಿ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ವರಾಂಡ ಮತ್ತೆ ಖಾಲಿಯಾಗುವುದು ನನಗೆ ಬೇಡವಾಗಿತ್ತು. ಒಂದಾದರೂ ಇರಲಿ ಎಂದು ಹಳದಿಯನ್ನು ಇಟ್ಟುಕೊಂಡೆ. ಮುಂದಿನ ಭಾನುವಾರ ಹಸಿರು ಗಂಡು ಚಿಕ್ಕ ಪಂಜರದಲ್ಲಿ ಚನ್ನರಾಯಪಟ್ಟಣಕ್ಕೆ ಹೋಯಿತು. ಮೊಮ್ಮಗಳ ಜೊತೆ ಹದಿನೈದು ದಿನ ಇದ್ದು ಬರುತ್ತೇನೆಂದು ಸಣ್ಣಮ್ಮನೂ ಹೋದರು.

ಹಳದಿ ಮೊದಲ ದಿನ ಕೂಗಿತು. ಒಂದೇ ತೆರನ ಕೂಗು, ನಡುವೆ ನಿಂತು ಕೇಳಿಸಿಕೊಳ್ಳುವುದು, ಮತ್ತೆ ಕೂಗು. ಎರಡನೇ ದಿನ ಕೂಗು ಕಡಿಮೆಯಾಯಿತು, ಕಾಳು ಬಟ್ಟಲಿನಲ್ಲಿ ಹಾಗೇ ಉಳಿಯಿತು. ಮೂರನೇ ದಿನ ಗರಿ ಉಬ್ಬಿಸಿಕೊಂಡು ಪಂಜರದ ನೆಲದ ಮೇಲೆ ಕುಳಿತಿತ್ತು. ಹಾಸನದ ಅಂಗಡಿಯವನಿಗೆ ಫೋನ್ ಮಾಡಿದೆ. "ಹತ್ತು ದಿನದಲ್ಲಿ ಸರಿ ಹೋಯ್ತದೆ ಅಕ್ಕಾ. ಒಂದ್ ಕನ್ನಡಿ ಕಟ್ಟಿ, ಜೊತೆ ಐತೆ ಅನ್ಕತದೆ" ಎಂದ.

ಕನ್ನಡಿ ಕಟ್ಟಿದೆ. ಹಳದಿ ಕಡ್ಡಿಗೆ ಹತ್ತಿತು. ಕನ್ನಡಿಯೊಳಗಿನ ಹಕ್ಕಿಯನ್ನು ನೋಡಿತು, ತಲೆ ಬಗ್ಗಿಸಿ ಕತ್ತು ಒಡ್ಡಿತು. ಸ್ವಲ್ಪ ಹೊತ್ತು ಕಾದು, ಇದ್ದಬದ್ದ ನಾಲ್ಕು ಕಾಳನ್ನು ಗಂಟಲಿನಿಂದ ತೆಗೆದು ಗಾಜಿಗೆ ಹಚ್ಚಿತು. ಅಲ್ಲಿಯವರೆಗೆ ಗಂಡಿನಿಂದ ಉಣಿಸಿಕೊಂಡ ಹಕ್ಕಿ ಅದು. ಅದು ಉಣಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಾಳು ಗಾಜಿನ ಮೇಲೆ ಜಾರಿ ಕೆಳಗೆ ಬಿತ್ತು.

ನಾನು ಕನ್ನಡಿ ಬಿಚ್ಚಿದೆ. ಮಂಜುಳಾಗೆ ಫೋನ್ ಮಾಡಿ ಅಲ್ಲಿಯದು ಹೇಗಿದೆ ಎಂದು ಕೇಳಿದೆ. "ಅಯ್ಯೋ ಅಕ್ಕ, ಇದೂ ಅಂಗೇ ಕೂತದೆ. ಸಿಂಚನ ಸ್ಕೂಲಿಗ್ ಓಗಲ್ಲ ಅಂತಾಳೆ" ಎಂದಳು. ಅಂಗಡಿಯವನು ಹೇಳಿದಂತೆ ಹತ್ತು ದಿನದಲ್ಲಿ ಎರಡೂ ಸರಿ ಹೋಗುತ್ತಿದ್ದವೋ ಏನೋ. ಆ ಲೆಕ್ಕವನ್ನು ಪರೀಕ್ಷಿಸಿ ನೋಡುವ ಮನಸ್ಸು ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಪಂಜರಕ್ಕೆ ತೆಳು ಪಂಚೆ ಹೊದಿಸಿ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಕಂಡಕ್ಟರ್ ಪಂಚೆಯ ಅಂಚು ಎತ್ತಿ ನೋಡಿದ.

"ಕೋಳಿ ಅನ್ಕಂಡೆ. ಒಂದೇನಾ?"

"ಇನ್ನೊಂದು ಅಲ್ಲಿ ಐತ್ರಿ."

"ಗಂಡನ ಮನೆಗಾ?" ಎಂದ. ಹಿಂದಿನ ಸೀಟಿನವರು ನಕ್ಕರು. ನನಗೂ ನಗು ಬಂತು. ದಾರಿಯುದ್ದಕ್ಕೂ ತೆಂಗಿನ ತೋಟಗಳು, ನಡುನಡುವೆ ಕೆಂಪು ಮಣ್ಣಿನ ಬಯಲು. ನಮ್ಮ ಎರೆಭೂಮಿಯಲ್ಲಿ ಕಣ್ಣು ಹೋದಷ್ಟೂ ಹೋಗುತ್ತದೆ. ಇಲ್ಲಿ ತೋಟಕ್ಕೊಮ್ಮೆ ತಡೆದು ನಿಲ್ಲುತ್ತದೆ.

ಮಂಜುಳಾಳ ಮನೆಯಲ್ಲಿ ಎರಡು ಪಂಜರಗಳನ್ನೂ ಪಕ್ಕದಲ್ಲಿಟ್ಟು, ಹಸಿರನ್ನು ಹಿಡಿದು ಹಳದಿಯ ಪಂಜರದೊಳಗೆ ಬಿಟ್ಟೆವು. ದೊಡ್ಡ ದೃಶ್ಯವೇನೂ ನಡೆಯಲಿಲ್ಲ. ಹೆಣ್ಣು ಒಂದು ಸಲ ಗಂಡಿನ ಕಾಲನ್ನು ಕುಕ್ಕಿತು. ಗಂಡು ಆಚೆ ಸರಿಯಿತು, ಈಚೆ ಬಂದಿತು. ಆಮೇಲೆ ಎರಡೂ ಬಟ್ಟಲಿನ ಬಳಿ ಹೋಗಿ ತಿನ್ನತೊಡಗಿದವು. ಬಹಳ ಹೊತ್ತು ತಿಂದವು.

ನಾನು ಸಣ್ಣಮ್ಮನಿಗೆ ಹೇಳಿದೆ: "ಎರಡೂ ಇಲ್ಲೇ ಇರ್ಲಿರಿ. ನನ್ನ ಪಾಲು ನಾ ಬಿಟ್ಟೆ."

ಅವರ ಮುಖ ಗಂಟಾಯಿತು. "ಬಿಡೋಕೆ ನೀನ್ಯಾರವ್ವ? ಎಂಟ್ ತಿಂಗ್ಳು ಕಾಳ್ ಆಕಿ, ಕಸ ಬಳ್ದಿದ್ದೀಯ. ಸಾಕ್ದೋಳ ಪಾಲ್ ತಿಂದ್ಳು ಸಣ್ಣಮ್ಮ ಅಂತ ನಾಳೆ ದೇವರಾಜನೇ ಅಂತಾನೆ. ನಂಗ್ ಬ್ಯಾಡ. ನಿನ್ನುಡುಗೀನ ನೀನ್ ಕರ್ಕಂಡೋಗು."

"ಒಯ್ದ್ರ ಸಾಯ್ತೈತ್ರಿ ಅದು."

"ಅದಕ್ಕೆ ನಾನೇನ್ ಮಾಡ್ಲಿ? ಪಾಲು ಪಾಲೇಯ."

ನಾನು ಬಿಟ್ಟುಕೊಡಲು ತಯಾರಾಗಿದ್ದೆ. ತೆಗೆದುಕೊಳ್ಳಲು ಅವರು ತಯಾರಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ಪಾಲಿಗಾಗಿ ನಡೆದ ಜಗಳದ ಸುದ್ದಿಗಳನ್ನು ಲೆಕ್ಕವಿಲ್ಲದಷ್ಟು ತಿದ್ದಿದ್ದೇನೆ. ಪಾಲು ಬೇಡವೆಂದು ಇಬ್ಬರೂ ಜಗಳಾಡಿದ್ದು ಒಂದೂ ನೆನಪಿಲ್ಲ.

ಕಾಫಿ ತಂದ ಮಂಜುಳಾ ಲೋಟ ಕೆಳಗಿಡುತ್ತ, "ಅಲ್ಲ ಕಣವ್ವ, ಅಕ್ಕನ ಅಕ್ಕೀನ ಈಗ ನಾವೇ ಪಾಲ್ಗ್ ಸಾಕಿದ್ರಾಗಲ್ವ?" ಎಂದಳು.

ಸಣ್ಣಮ್ಮ ಮಗಳನ್ನು ನೋಡಿದರು, ಪಂಜರವನ್ನು ನೋಡಿದರು. "ಹೆಣ್ಣು ಇವಳದು. ಸಾಕೋರ್ ನಾವು. ಮರಿ ಆದ್ರೆ ಅರ್ಧ ಇವಳಿಗೆ. ಆಯ್ತದೆ" ಎಂದು ತಮಗೆ ತಾವೇ ಹೇಳಿಕೊಂಡರು. ಮುಖದ ಗಂಟು ಸಡಿಲವಾಯಿತು.

"ಒಂದು ಮಾತು ಸೇರಿಸ್ತೀನ್ರಿ" ಎಂದೆ. "ಪಾಲು ಆಗೂದು ಮರಿಗೋಳು ಅಷ್ಟ. ಈ ಜೋಡಿ ಪಾಲಿಗೆ ಬರಂಗಿಲ್ಲ. ಯಾರು ಕೇಳಿದ್ರೂ ಇದನ್ನ ಅಗಲಿಸೂದು ಬ್ಯಾಡ."

"ನೋಡ್ದಾ, ಪೇಪರ್‌ನೋಳು ಎಂಗ್ ಷರತ್ತಾಕ್ತಾಳೆ" ಎಂದು ಸಣ್ಣಮ್ಮ ಮಗಳಿಗೆ ಹೇಳಿದರು. "ಆಯ್ತು ಕಣವ್ವ, ಅಂಗೇ ಆಗ್ಲಿ."

"ಸಾಕ್ಷಿ ಯಾರ್ರಿ?"

ಮೂವರೂ ನಕ್ಕೆವು. ಆದರೂ ಮಂಜುಳಾ ಪಕ್ಕದ ಮನೆಯ ಹೆಂಗಸನ್ನು ಕೂಗಿ ಕರೆದಳು. ಆ ಹೆಂಗಸು ಒಗ್ಗರಣೆ ಸೌಟು ಹಿಡಿದುಕೊಂಡೇ ಬಂದು ನಿಂತು, ಕೇಳಿಸಿಕೊಂಡು, "ಲವ್ ಬರ್ಡ್ಸ್‌ಗೂ ಪಾಲಾ" ಎಂದು ಹೋದಳು. ಈ ಸಲ ಎಲೆ ಅಡಿಕೆ ಕೊಡುವ ಸರದಿ ನನ್ನದಾಗಿತ್ತು. ನನ್ನ ಚೀಲದಲ್ಲಿ ಅದಿರಲಿಲ್ಲ. ಮಂಜುಳಾಳ ಮನೆಯದನ್ನೇ ಇಸಿದುಕೊಂಡು ಸಣ್ಣಮ್ಮನಿಗೆ ಕೊಟ್ಟೆ.

ಇದಾಗಿ ನಾಲ್ಕು ತಿಂಗಳಾಯಿತು. ನಮ್ಮ ವರಾಂಡ ಖಾಲಿಯಾಗಿದೆ. ಹಗಲು ಮೊದಲಿನಷ್ಟು ಉದ್ದವೆನಿಸುವುದಿಲ್ಲ. ಯಾಕೆಂದರೆ ಬೀದಿಯಲ್ಲಿ ಈಗ ನಾನು ಪಾಲುಗಾತಿ. ಸೊಪ್ಪಿನಾಕೆ, ದೇವರಾಜಣ್ಣ, ಹಾಲಿನವರು, ಎಲ್ಲರೂ "ಮರಿ ಆದ್ವಾ ಮೇಡಂ" ಎಂದು ಕೇಳುತ್ತಾರೆ. ಎರಡು ವಾರಕ್ಕೊಮ್ಮೆ ಸಜ್ಜೆ ಕಟ್ಟಿಕೊಂಡು ಚನ್ನರಾಯಪಟ್ಟಣಕ್ಕೆ ಹೋಗಿ ಬರುತ್ತೇನೆ. ಸಿಂಚನ ನನ್ನನ್ನು 'ಹಳದಿ ಆಂಟಿ' ಎನ್ನುತ್ತಾಳೆ. ಪಂಜರದೊಳಗೆ ಗೂಡಿನ ಮಡಕೆ ಕಟ್ಟಿದ್ದಾರೆ. ಹೆಣ್ಣು ದಿನವೂ ಅದರೊಳಗೆ ಹೋಗಿ ಬರುತ್ತದೆಯಂತೆ, ಮೊಟ್ಟೆ ಇನ್ನೂ ಇಟ್ಟಿಲ್ಲ. ವಿಜಯಪುರದ ನಮ್ಮವ್ವನಿಗೆ ಫೋನಿನಲ್ಲಿ ಇದೆಲ್ಲ ಹೇಳಿದರೆ, "ಹಕ್ಕಿ ಒಂದ್ ಊರಾಗ, ನೀ ಒಂದ್ ಊರಾಗ, ಸಜ್ಜಿ ಕಳಸಾಕಿ ನಾ ಇಲ್ಲಿ" ಎನ್ನುತ್ತಾಳೆ.

ಕಳೆದ ವಾರ ನಮ್ಮವರು ವರ್ಗಾವಣೆಯ ಅರ್ಜಿ ತುಂಬಲು ಕುಳಿತರು. ಊರಿಗೆ ಮರಳುವ ಅವಕಾಶ ಈ ಸಲ ಇರಬಹುದು ಎಂದು ಕಾಲೇಜಿನಲ್ಲಿ ಮಾತು. ನಾನು ಅಡುಗೆಮನೆಯಿಂದ ಬಂದು ಪಕ್ಕದಲ್ಲಿ ಕುಳಿತೆ. ಮೊದಲ ಆಯ್ಕೆಯ ಸಾಲಿನಲ್ಲಿ ಅವರು ವಿಜಯಪುರ ಎಂದು ಬರೆದರು. ನಾನು ಹೂಂ ಎಂದೆ. ಆ ಹೆಸರು ಓದಿದಾಗ ಒಳಗೆ ಏನೋ ಮಿಡಿದದ್ದು ನಿಜ.

"ಎರಡನೇದು ಏನ್ ಬರೀಲಿ? ಬಾಗಲಕೋಟಿ?" ಎಂದರು.

ಪೆನ್ನು ಕಾಗದದ ಮೇಲೆಯೇ ಇತ್ತು.

"ಚನ್ನರಾಯಪಟ್ಟಣ ಬರೀರಿ" ಎಂದೆ.